ಎಡಗಡೆ ಪುಟಗಳ ಮೆಹರ್ ಆಪಾ

ಮೆಹರ್ ಆಪಾ ಸೇಡು ತೀರಿಸಿಕೊಳ್ಳುತ್ತಿದ್ದದ್ದು ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಬಚ್ಚಲಲ್ಲಿ ಬಟ್ಟೆ ಒಗೆಯಲು ಕೂರುವಂಥ, ಮೊಣಕಾಲೆತ್ತರಕ್ಕೂ ಬಾರದ ಸ್ಟೂಲು ಅದು. ತಮಗೆ ಅನ್ಯಾಯ ಮಾಡಿದವರ ಮೇಲೆ ಅವರು ಕೂಗಾಡಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಮೇಜಿನ ಕೆಳಗಿನಿಂದ ಸ್ಟೂಲನ್ನು ಕಾಲಲ್ಲೇ ಮುಂದಕ್ಕೆ ತಳ್ಳಿ, "ಕೂತ್ಕೊಳ್ಳಿ" ಅನ್ನುತ್ತಿದ್ದರು. ಕೂತವರ ಮೂಗು ಸರಿಯಾಗಿ ಮೇಜಿನ ಅಂಚಿಗೆ ಬರುತ್ತಿತ್ತು. ಆಮೇಲೆ ಒಂದು ಬಿಳಿ ಹಾಳೆ, ಒಂದು ಪೆನ್ನು. "ಬರೀರಿ." ಅಷ್ಟೇ.

ನಾನು ಕೆಲಸಕ್ಕೆ ಸೇರಿದ ವಾರವೇ ಇದನ್ನು ನೋಡಿದೆ. ನಮ್ಮ ಪ್ರವಾಸದ ಆಫೀಸು ಶಿವಾಜಿನಗರದಲ್ಲಿ, ಸೂಟ್‌ಕೇಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಕೊರಿಯಾದ ಬೂಸಾನ್ ಎಂಬ ದೊಡ್ಡ ಬಂದರು ನಗರಕ್ಕೆ ಜನರನ್ನು ಕಳಿಸುವುದು ನಮ್ಮ ಮುಖ್ಯ ವ್ಯವಹಾರ. ಅಲ್ಲಿಗೆ ಹೋಗಿ ಬಂದ ಗಿರಾಕಿಯೊಬ್ಬ ಮೆಟ್ಟಿಲು ಹತ್ತುವಾಗಲೇ ಕಿರುಚಿಕೊಂಡು ಬಂದ.

"ಮಂಚಾನೇ ಇಲ್ದಿರೋ ರೂಮು ಕೊಟ್ಟಿದೀರಲ್ರೀ! ನೆಲದ ಮೇಲೆ ಮಲಗೋಕೆ ನಾನೇನು ಬಸ್‌ಸ್ಟ್ಯಾಂಡ್ ಭಿಕ್ಷುಕನಾ? ನಿಮ್ಮಂಥೋರಿಗೆ ಅಭ್ಯಾಸ ಇರ್ಬೋದು."

ಆ "ನಿಮ್ಮಂಥೋರಿಗೆ" ಎಂಬ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಆಪಾ ಕಾಲಲ್ಲಿ ಸ್ಟೂಲು ತಳ್ಳಿದರು. ಅವನು ಕೂತ.

"ರೂಮಿನ ಚಿತ್ರ ಬರೀರಿ ಸಾರ್. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ?"

ಅವನು ಗೊಣಗುತ್ತ ನಾಲ್ಕು ಗೆರೆ ಎಳೆದ.

"ನೆಲ ಬೆಚ್ಚಗಿತ್ತಾ?"

"ಇತ್ತು."

"ಬೆಳಿಗ್ಗೆ ಎಷ್ಟೊತ್ತಿಗೆ ಎದ್ರಿ?"

"ಒಂಬತ್ತಾಗಿತ್ತು."

"ಮನೇಲಿ ಎಷ್ಟಕ್ಕೆ ಏಳ್ತೀರ?"

"ಐದಕ್ಕೇ ಎಚ್ಚರ ಆಗ್ಬಿಡುತ್ತೆ. ಬೆನ್ನುನೋವು."

"ಬರೀರಿ. ನೆಲದ ಕೆಳಗೆ ಬಿಸಿನೀರಿನ ಪೈಪು ಓಡುತ್ತೆ. ಮಂಚ ಇರಲಿಲ್ಲ. ಬೆನ್ನುನೋವೂ ಇರಲಿಲ್ಲ. ಕೆಳಗೆ ಸಹಿ ಹಾಕಿ."

ಅವನು ಸಹಿ ಹಾಕಿ ಎದ್ದು ಹೋದ. ಮೂರು ತಿಂಗಳಿಗೆ ಅವನ ಅಣ್ಣ ಬಂದು "ಆ ಬೆಚ್ಚಗಿನ ನೆಲದ ರೂಮೇ ಬೇಕು" ಎಂದ. ಆಪಾ ಅವನ ತಮ್ಮನ ಕೈಬರಹವನ್ನು ತೆಗೆದು ತೋರಿಸಿದರು. ಅವರಿಗೆ ಸೇಡು ಎಂದರೆ ಇದು. ಎದುರಿನವನ ಕೈಯಿಂದಲೇ ಸತ್ಯ ಬರೆಸುವುದು.

ಇಂಥ ಹೆಂಗಸಿಗೆ ಕೊರಿಯನ್ ಭಾಷೆ ಬಂದದ್ದು ಹೇಗೆಂದು ಎಲ್ಲರೂ ಕೇಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರು ಕುಕ್ ಟೌನಿನ ಬಂಗಲೆಗಳಿಗೆ ಪರದೆ ಹೊಲಿದು ಕೊಡುತ್ತಿದ್ದರು. ಅಲ್ಲೊಂದು ಬಂಗಲೆಗೆ ಬೂಸಾನಿನ ದಂಪತಿ ಬಾಡಿಗೆಗೆ ಬಂದರು. ಗಂಡ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು, ಹೆಂಡತಿ ಹಗಲೆಲ್ಲ ಒಬ್ಬಳೇ. ಆಕೆಗೆ ಇಂಗ್ಲಿಷ್ ಬಾರದು, ಆಪಾಗೆ ಕೊರಿಯನ್ ಬಾರದು. ಇಬ್ಬರಿಗೂ ಬರುತ್ತಿದ್ದದ್ದು ಸೂಜಿ. ಪರದೆ ಹೊಲಿಯಲು ಹೋದ ಆಪಾ ಐದು ವರ್ಷ ಆ ಮನೆಗೆ ದಿನವೂ ಹೋದರು. ಊರಿನ ನೆನಪಾದಾಗಲೆಲ್ಲ ಆಕೆ ದರ್ಜಿಯ ಸೀಮೆಸುಣ್ಣ ತೆಗೆದುಕೊಂಡು ಪರದೆ ಬಟ್ಟೆಯ ಮೇಲೇ ತನ್ನ ಊರನ್ನು ಬರೆದು ತೋರಿಸುತ್ತಿದ್ದಳಂತೆ. ಇದು ರೈಲು ನಿಲ್ದಾಣ, ಇದು ಮೆಟ್ಟಿಲು ಬೀದಿ, ಇಲ್ಲಿ ಮೀನು ಮಾರುಕಟ್ಟೆ, ಇಲ್ಲಿ ನನ್ನ ಶಾಲೆ. ಸಂಜೆ ಬಟ್ಟೆ ಕೊಡವಿದರೆ ಊರು ಅಳಿಸಿಹೋಗುತ್ತಿತ್ತು. ಆಪಾ ಮನೆಗೆ ಬಂದು ನೆನಪಿನಿಂದ ಅದನ್ನು ಕಾಗದಕ್ಕೆ ಇಳಿಸುತ್ತಿದ್ದರು. ಹಾಗೆ ಕಲಿತ ಭಾಷೆಯೇ ಮುಂದೆ ಅವರನ್ನು ನಮ್ಮ ಆಫೀಸಿಗೆ ತಂದದ್ದು.

"ರಾಜಧಾನಿಯೋರ ಮಾತು ಹಾಲು ಸಕ್ಕರೆ ಹಾಕಿದ ಚಾ ಇದ್ದಂಗೆ. ಬೂಸಾನೋರದ್ದು ಹಾಲಿಲ್ಲದ ಖಡಕ್ ಸುಲೇಮಾನಿ. ನಮ್ಮ ಶಿವಾಜಿನಗರ ಥರಾನೇ ಮಾ, ಜಗಳ ಆಡ್ತಾವ್ರೋ ಪ್ರೀತಿ ಮಾಡ್ತಾವ್ರೋ ಗೊತ್ತೇ ಆಗಲ್ಲ," ಎನ್ನುತ್ತಿದ್ದರು. ಫೋನಿನಲ್ಲಿ ಅಲ್ಲಿನ ಅಜ್ಜಿಯರ ಜೊತೆ ಅವರು ಅದೇ ಒರಟು ಭಾಷೆಯಲ್ಲಿ ಮಾತಾಡಿದರೆ ಆ ಕಡೆಯಿಂದ ನಗು ಕೇಳಿಸುತ್ತಿತ್ತು. ಆದರೆ ಅವರ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆಯೂ ಇರಲಿಲ್ಲ. ಬೂಸಾನನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ನನ್ನ ಹೆಸರು ಶರಣಮ್ಮ. ಅಪ್ಪ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು. ಟಿನ್ ಫ್ಯಾಕ್ಟರಿ ಹಿಂದಿನ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ. ಹಗಲು ಒಂದು ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸಿ, ಸಂಜೆ ಕಾಲೇಜಿನಲ್ಲಿ ಕೂತು ನಾನು ಬಿ.ಕಾಂ. ಮುಗಿಸಿದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ಅದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆಫೀಸಿನ ಮಾಲೀಕರು ಸುದರ್ಶನ್ ಸಾರ್ ಮಾತ್ರ ಗಿರಾಕಿಗಳ ಮುಂದೆ ನನ್ನನ್ನು "ನಮ್ಮ ಟೈಪಿಂಗ್ ಹುಡುಗಿ" ಎನ್ನುತ್ತಿದ್ದರು. ಆಪಾ ನನ್ನ ಅಂಕಪಟ್ಟಿ ತರಿಸಿ, ಕನ್ನಡಕ ಹಾಕಿಕೊಂಡು, ಆರೂ ಸೆಮಿಸ್ಟರ್ ಓದಿದರು. ಅವತ್ತಿನಿಂದ ನನ್ನ ಹೆಸರು ಬದಲಾಯಿತು.

"ಬಾ ಬೀಕಾಂ, ಚಾ ಕುಡಿಯೋಣ." "ಬೀಕಾಂ, ಆ ಕಿಟಕಿ ಹಾಕು." ಮಾಲೀಕರ ಮುಂದೆ ಬೇಕೆಂದೇ ಜೋರಾಗಿ ಕರೆಯುತ್ತಿದ್ದರು.

ಅವರ ಪುಸ್ತಕದ ಬಗ್ಗೆ ಹೇಳದೆ ಅವರ ಬಗ್ಗೆ ಹೇಳಿದಂತಾಗುವುದಿಲ್ಲ. ಅದು ಪಿಯುಸಿ ಮಕ್ಕಳ ವಿಜ್ಞಾನದ ರೆಕಾರ್ಡ್ ಪುಸ್ತಕ. ಬಲಗಡೆ ಗೆರೆ ಪುಟ, ಎಡಗಡೆ ಚಿತ್ರ ಬರೆಯಲು ಬಿಟ್ಟ ಖಾಲಿ ಪುಟ. ಬಲಗಡೆ ಆಪಾ ಇಂಗ್ಲಿಷಿನಲ್ಲಿ ಬೂಸಾನಿನ ಒಂದೊಂದು ಜಾಗದ ಬಗ್ಗೆ ಬರೆಯುತ್ತಿದ್ದರು. ಎಲ್ಲಿ ಇಳಿದುಕೊಳ್ಳುವುದು, ಎಲ್ಲಿ ತಿನ್ನುವುದು, ಏನು ನೋಡುವುದು. ಎಡಗಡೆ ಪೆನ್ಸಿಲಿನಲ್ಲಿ, ಬಲದಿಂದ ಎಡಕ್ಕೆ ಓಡುವ ಉರ್ದು ಅಕ್ಷರದಲ್ಲಿ, ಇನ್ನೇನನ್ನೋ. ಅವರು ಮಾಹಿತಿ ಕಲೆಹಾಕುತ್ತಿದ್ದ ರೀತಿಯೇ ಬೇರೆ. ಪ್ರವಾಸ ಮುಗಿಸಿ ಬಂದವರ ಮನೆಗೆ ಎರಡೇ ದಿನದಲ್ಲಿ ಹೋಗುತ್ತಿದ್ದರು. "ಹೆಂಗಿತ್ತು?" ಅಂತ ಯಾವತ್ತೂ ಕೇಳುತ್ತಿರಲಿಲ್ಲ. "ಹೆಂಗಿತ್ತು ಅಂತ ಕೇಳಿದ್ರೆ ಸೂಪರ್ ಅಂತಾರೆ. ಅದನ್ನ ಇಟ್ಕೊಂಡು ಏನು ಮಾಡ್ಲಿ? ಬಸ್‌ಸ್ಟಾಪಲ್ಲಿ ಕೂತಾಗ ಎದುರಿಗೆ ಏನು ಕಾಣಿಸ್ತು, ಆ ಹೋಟೆಲಿನಾಕೆ ಯಾವ ಕೈಯಲ್ಲಿ ಬಡಿಸಿದ್ಲು, ಅದು ಕೇಳ್ಬೇಕು."

ಹೀಗೆ ನೂರಾರು ಜನರ ಕಾಲಿನಿಂದ ಆಪಾ ಆ ಊರನ್ನು ತುಳಿದಿದ್ದರು. ಗಮ್‌ಚೊನ್ ಗುಡ್ಡದ ಬಣ್ಣದ ಮನೆಗಳ ನಡುವೆ ಯಾವ ಓಣಿ ಮುಂದೆ ದಾರಿಯಿಲ್ಲದೆ ನಿಂತುಹೋಗುತ್ತದೆ, ಬೊಮೊಸಾ ದೇವಸ್ಥಾನಕ್ಕೆ ಮೊಣಕಾಲು ನೋವಿನವರು ಯಾವ ಬಾಗಿಲಿನಿಂದ ಹೋಗಬೇಕು, ಹೇಉಂದೇ ಕಡಲತೀರದಲ್ಲಿ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ಎಲ್ಲವೂ ಅದರಲ್ಲಿತ್ತು.

ಒಂದು ದಿನ ಸುದರ್ಶನ್ ಸಾರ್ ಆ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು.

"ಇದನ್ನ ಪೂರ್ತಿ ಟೈಪ್ ಮಾಡು. ಆಫೀಸ್ ಯೂಸ್‌ಗೆ."

ನಾನು ಕೇಳಿದೆ, "ಎಡಗಡೆದೂ ಮಾಡ್ಲಾ ಸಾರ್? ಆಪಾನ ಕೇಳಿ ಬರ್ಕೋತೀನಿ."

"ಆ ಗೀಚು ಯಾರಿಗ್ ಬೇಕು? ಬಲಗಡೆ ಸಾಕು."

ಆಪಾ ಎದುರಿಗೇ ಕೂತಿದ್ದರು. ತಲೆ ಎತ್ತಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ನಾನು ಮೆಲ್ಲಗೆ, "ಎಡಗಡೆ ಏನಿದೆ ಆಪಾ?" ಎಂದೆ. "ಬಲಗಡೆ ಜಾಗ. ಎಡಗಡೆ ಮನುಷ್ಯರು," ಎಂದರು. "ಸಾರ್‌ಗೆ ಮನುಷ್ಯರು ನಕ್ಕೋ ಅಂತೆ. ಕೇಳಿದ್ದನ್ನೇ ಕೊಡು ಬೀಕಾಂ. ಒಂದಕ್ಷರ ಜಾಸ್ತಿ ಬೇಡ." ಬೇಡ ಎನ್ನಲು ಆ ಡಖ್ಖನಿ ಮಾತನ್ನು ಅವರು ಬಳಸುವುದು ಮನಸ್ಸು ಗಟ್ಟಿಯಾದಾಗ ಮಾತ್ರ.

ನಾನು ಹತ್ತು ದಿನ ಕೂತು ಟೈಪ್ ಮಾಡಿಕೊಟ್ಟೆ. ನನ್ನ ಬೆರಳುಗಳಿಂದಲೇ ಆ ಕಳ್ಳತನ ನಡೆಯಿತು. ಅದನ್ನು ನಾನು ಮರೆತಿಲ್ಲ.

ಎರಡು ತಿಂಗಳ ಮೇಲೆ ಇಂದಿರಾನಗರದ ಹೋಟೆಲೊಂದರಲ್ಲಿ ಸಮಾರಂಭ. ಆಪಾ ಇಸ್ತ್ರಿ ಮಾಡಿದ ತಿಳಿಹಸಿರು ದುಪಟ್ಟಾ ಹೊದ್ದು ಬಂದಿದ್ದರು. ಈ ಸಲ ಇಪ್ಪತ್ತೆಂಟು ಜನರ ಸಸ್ಯಾಹಾರಿ ಗುಂಪು ಬೂಸಾನಿಗೆ ಹೊರಡುವುದಿತ್ತು, ಅದರ ಮುಂದಾಳಾಗಿ ಆಪಾನನ್ನೇ ಕಳಿಸುತ್ತೇನೆಂದು ಸಾರ್ ಎರಡು ವರ್ಷದಿಂದ ಮಾತು ಕೊಟ್ಟಿದ್ದರು. ಅದನ್ನು ವೇದಿಕೆಯ ಮೇಲೆ ಹೇಳುತ್ತಾರೆಂದು ನಾವಿಬ್ಬರೂ ನಂಬಿದ್ದೆವು. ಬಾಗಿಲಲ್ಲೇ ಸಾರ್ ನಮ್ಮ ಕೈಗೆ ಜ್ಯೂಸಿನ ಟ್ರೇ ಕೊಟ್ಟರು. "ಸ್ವಲ್ಪ ನೋಡ್ಕೊಳ್ಳಿ, ಹಂಚೋ ಜನ ಕಮ್ಮಿ ಇದಾರೆ."

ವೇದಿಕೆಯ ಮೇಲೆ ಒಂದು ಹೊಳೆಯುವ ಪುಸ್ತಕ ಬಿಡುಗಡೆಯಾಯಿತು. ಮುಖಪುಟದಲ್ಲಿ ಬೂಸಾನಿನ ಸೇತುವೆ, ಅದರ ಕೆಳಗೆ ಸಾರ್ ಅವರ ಅಣ್ಣನ ಮಗ ನಿಖಿಲ್‌ನ ಹೆಸರು. "ನಮ್ಮ ಹುಡುಗ ಬೂಸಾನಿನ ಗಲ್ಲಿಗಲ್ಲಿ ಅಲೆದು ಬರೆದಿದ್ದಾನೆ. ಈ ಸಲದ ಗುಂಪನ್ನೂ ಅವನೇ ಕರ್ಕೊಂಡು ಹೋಗ್ತಾನೆ," ಎಂದರು ಸಾರ್. ಚಪ್ಪಾಳೆ. ನಿಖಿಲ್ ಅಲ್ಲಿಗೆ ಹೋದದ್ದು ಒಂದೇ ಸಲ, ನಾಲ್ಕು ದಿನಕ್ಕೆ.

ನಾನು ಟ್ರೇ ಕೆಳಗಿಟ್ಟು ಪುಸ್ತಕ ತೆರೆದೆ. "ಹೋಟೆಲಿನಲ್ಲಿ ಚಾ ಕೆಟಲ್ ಕಾಣುವ ಕಡೆ ಕುಳಿತುಕೊಳ್ಳಿ, ಅಲ್ಲಿಗೆ ಗಾಳಿ ಬೀಸುವುದಿಲ್ಲ." ಆಪಾನ ಮಾತು, ಇಂಗ್ಲಿಷಿನಲ್ಲಿ, ನಾನೇ ಟೈಪ್ ಮಾಡಿದ ಸಾಲು. ಕಣ್ಣು ತುಂಬಿತು.

"ಈಗಲೇ ಹೋಗಿ ಮೈಕ್ ಕಿತ್ಕೋತೀನಿ ಆಪಾ."

"ಕೈಕು? ಯಾಕೆ ಮಾ? ಜ್ಯೂಸ್ ಚೆಲ್ಲುತ್ತೆ," ಎಂದರು. ಒಂದು ಪುಸ್ತಕವನ್ನು ತೆಗೆದುಕೊಂಡು, ಪುಟ ಪುಟವನ್ನೂ ತಿರುವಿ ನೋಡಿದರು. ಕೊನೆಗೆ ಮುಚ್ಚಿ, ಮುಗುಳ್ನಕ್ಕರು. "ಎಡಗಡೆ ಒಂದೂ ಇಲ್ಲ." ಆ ನಗುವನ್ನು ಅವರ ಶತ್ರುಗಳು ನೋಡಿದ್ದರೆ ಅವತ್ತೇ ಕಾಲಿಗೆ ಬೀಳುತ್ತಿದ್ದರು.

ಗುಂಪು ಹೊರಟಿತು. ಅವರು ಬೂಸಾನ್ ತಲುಪಿದ ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನ ಫೋನು ಬಡಿದುಕೊಂಡಿತು. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಊಟದ ಹೊತ್ತು. ಸಾರ್ ಸ್ಪೀಕರ್ ಹಾಕಿದರು.

"ಚಿಕ್ಕಪ್ಪಾ, ಇವ್ರು ನನ್ನನ್ನೇ ತಿಂದ್ಹಾಕ್ತಾರೆ! ಪುಸ್ತಕದಲ್ಲಿರೋ ಹೋಟೆಲಿಗೇ ಕರ್ಕೊಂಡ್ಬಂದೆ. ವೆಜ್ ಸೂಪ್ ಇಲ್ಲ ಅಂತಾಳೆ ಆ ಹೆಂಗಸು. ಎಲ್ಲದಕ್ಕೂ ಒಣಮೀನಿನ ನೀರೇ ಹಾಕ್ತಾರಂತೆ. ನಿನ್ನೆ ಗೆಸ್ಟ್‌ಹೌಸಲ್ಲೂ ಹಂಗೇ, ಒಂದೊಂದು ತೆಳು ಹಾಸಿಗೆ ಕೊಟ್ಟು ಹೋದ್ಲು ಮುದುಕಿ!"

ಅವನ ಹಿಂದಿನಿಂದ ಒಬ್ಬ ಹಿರಿಯ ಹೆಂಗಸಿನ ದನಿ ತೂರಿ ಬಂತು. "ಸಸ್ಯಾಹಾರಿ ಅಂತ ಪ್ರಿಂಟ್ ಮಾಡಿದೀರಲ್ರೀ, ಇಲ್ಲಿ ತಪ್ಪಲೇಲಿ ಮೀನು ಕಣ್ ಬಿಟ್ಕೊಂಡು ನಮ್ಮನ್ನೇ ನೋಡ್ತಿದೆ! ನಿನ್ನೆಯಿಂದ ಬಾಳೆಹಣ್ಣು, ಬಿಸ್ಕತ್ತು. ಇವತ್ತು ಊಟ ಆಗ್ಲಿಲ್ಲ ಅಂದ್ರೆ ಎಲ್ರೂ ವಾಪಸ್!"

ಸಾರ್ ತಮ್ಮ ಗಾಜಿನ ಕೋಣೆಯಿಂದ ಆಪಾನ ಮೇಜಿಗೆ ಓಡಿ ಬಂದರು. "ಮೆಹರ್, ಬೇಗ ಆ ಹೋಟೆಲಿನಾಕೆಗೆ ಫೋನ್ ಮಾಡಿ ಹೇಳಿ!"

ಆಪಾ ಕಾಲಲ್ಲಿ ಸ್ಟೂಲು ತಳ್ಳಿದರು. "ಕೂತ್ಕೊಳ್ಳಿ ಸಾರ್."

"ಇದು ಕೂತ್ಕೊಳ್ಳೋ ಟೈಮಾ?"

"ನಿಂತೋರಿಗೆ ನನ್ನ ಮಾತು ಕೇಳ್ಸಲ್ಲ ಸಾರ್. ಇಷ್ಟು ವರ್ಷ ಕೇಳ್ಸಿಲ್ಲ."

ಫೋನಿನಲ್ಲಿ ಇಪ್ಪತ್ತೆಂಟು ಜನರ ಗಲಾಟೆ. ಸಾರ್ ಕೂತರು. ಬೆಲೆಬಾಳುವ ಪ್ಯಾಂಟು, ಎದೆಗೆ ಬಂದ ಮೊಣಕಾಲು, ಮೇಜಿನಂಚಿಗೆ ಮೂಗು. ಆಪಾ ಅವರ ಮುಂದೆ ಬಿಳಿ ಹಾಳೆ ಇಟ್ಟು ರೆಕಾರ್ಡ್ ಪುಸ್ತಕದ ಎಡಗಡೆ ಮೊದಲ ಪುಟ ತೆರೆದರು.

"ಬರೀರಿ. ಮೆಟ್ಟಿಲು ಬೀದಿಯ ಹೋಟೆಲು. ಆಕೆ ಹೆಸರು ಹಿಡಿದು ಕರೆದ್ರೆ ಮಾತಾಡಲ್ಲ, ಇಮೋ ಅನ್ಬೇಕು, ಚಿಕ್ಕಮ್ಮ ಅಂತ ಅರ್ಥ. ಮೀನಿಲ್ಲದ ಸಾರು ಮೆನುವಲ್ಲಿ ಇಲ್ಲ. ಒಂದಿನ ಮುಂಚೆ ಹೇಳಿದ್ರೆ ಬೇರೆ ಪಾತ್ರೆಲಿ ಮೂಲಂಗಿ, ಅಣಬೆ, ಸಮುದ್ರದ ಸೊಪ್ಪು ಹಾಕಿ ಕುದಿಸ್ತಾಳೆ. ಬರೆದ್ರಾ? ಓದಿ."

ಸಾರ್ ಓದಿದರು. ಒಂದನೇ ತರಗತಿಯವರ ಹಾಗೆ.

"ಗೆಸ್ಟ್‌ಹೌಸಿನ ಅಜ್ಜಿ. ಬಲಗಿವಿ ಮಂದ. ರೂಮಿನ ಮಾತು ಎತ್ತೋಕೆ ಮುಂಚೆ ಅವ್ರ ನಾಯಿ ಹೆಂಗಿದೆ ಅಂತ ಕೇಳ್ಬೇಕು. ವಯಸ್ಸಾದೋರು ಬರ್ತಾರೆ ಅಂದ್ರೆ ಎರಡೆರಡು ದಪ್ಪ ಹಾಸಿಗೆ ಹಾಕಿಡ್ತಾರೆ. ಹೇಳ್ದಿದ್ರೆ ಇಲ್ಲ. ಓದಿ."

"ಮೆಹರ್, ದಯವಿಟ್ಟು, ಅಲ್ಲಿ ಜನ ಹಸ್ಕೊಂಡವ್ರೆ..."

"ನನಗೂ ಗೊತ್ತು. ಬರೀರಿ. ದೇವಸ್ಥಾನದ ಅಡುಗೆಮನೆ."

ಹೀಗೆ ಒಂಬತ್ತು ಪುಟ. ಅಕ್ಷರ ಸೊಟ್ಟಗಾದರೆ ತಿದ್ದಿಸಿದರು. ಆಫೀಸಿನ ಎಲ್ಲರೂ ನಿಂತು ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ನಲವತ್ತು ನಿಮಿಷ. ನಿಜ ಹೇಳುತ್ತೇನೆ, ನನಗೆ ಒಂದು ಚೂರೂ ಮರುಕ ಬರಲಿಲ್ಲ. ಅದು ಇನ್ನೂ ನಲವತ್ತು ನಿಮಿಷ ನಡೆಯಲಿ ಅನ್ನಿಸಿತು.

ಒಂಬತ್ತನೆಯ ಪುಟ ಮುಗಿದ ಮೇಲೆ ಆಪಾ ತಮ್ಮ ಫೋನು ತೆಗೆದು ಆ ಸುಲೇಮಾನಿ ಭಾಷೆಯಲ್ಲಿ ಎರಡೇ ಮಾತು ಆಡಿದರು. ಆ ಕಡೆ ನಗು. ಫೋನು ಇಟ್ಟು ಸಾರ್ ಕಡೆ ತಿರುಗಿದರು.

"ನಿಖಿಲ್‌ಗೆ ಹೇಳಿ, ಅದೇ ಹೋಟೆಲಿನ ಒಳಗೆ ಹೋಗೋಕೆ. ಸಾರು ಬೆಳಿಗ್ಗೆಯಿಂದ ಕುದೀತಿದೆ. ಇಪ್ಪತ್ತೆಂಟು ಬಟ್ಟಲು."

"ಬೆಳಿಗ್ಗೆಯಿಂದಾನಾ?"

"ನಿನ್ನೇನೇ ಹೇಳಿದ್ದೆ. ನನ್ನ ಫೋನು ಬರೋವರೆಗೂ ಇಲ್ಲ ಅನ್ನು ಇಮೋ, ಅಂತಾನೂ ಹೇಳಿದ್ದೆ. ಹಾಸಿಗೆಗಳೂ ಅಜ್ಜಿ ಮನೆ ಅಟ್ಟದ ಮೇಲೆ ರೆಡಿ ಇವೆ. ಹಸಿದೋರ ಮೇಲೆ ನನಗೇನು ಸೇಡು ಸಾರ್?"

ಸಾರ್ ಸ್ಟೂಲಿನಿಂದ ಏಳಲು ಮೇಜನ್ನು ಹಿಡಿದುಕೊಳ್ಳಬೇಕಾಯಿತು. ಆಪಾ ಕೈ ಕೊಡಲಿಲ್ಲ. ಸಾರ್ ಬರೆದ ಒಂಬತ್ತು ಹಾಳೆಗಳನ್ನು ಎಳೆದುಕೊಂಡು, ನಾಲ್ಕಾಗಿ ಮಡಚಿ, ತಮ್ಮ ಚೀಲಕ್ಕೆ ಹಾಕಿದರು. "ಇದು ಆಫೀಸ್ ಯೂಸ್‌ಗಲ್ಲ," ಎಂದರು. ರೆಕಾರ್ಡ್ ಪುಸ್ತಕವನ್ನೂ ಹಾಕಿಕೊಂಡರು. ಕೊನೆಗೆ ಸ್ಟೂಲನ್ನು ಎತ್ತಿ ಬಗಲಲ್ಲಿಟ್ಟುಕೊಂಡರು. ನಾನು ನನ್ನ ಡಬ್ಬಿ ತೆಗೆದುಕೊಂಡು ಅವರ ಹಿಂದೆ ಮೆಟ್ಟಿಲಿಳಿದೆ. ಗುಂಪು ಬೂಸಾನಿನಲ್ಲಿದ್ದ ಉಳಿದ ದಿನಗಳಿಗೂ ಅವರು ಮನೆಯಿಂದಲೇ ಹಿಂದಿನ ದಿನ ಫೋನ್ ಮಾಡಿ ಊಟ ಹೇಳಿಟ್ಟರು. ಆ ಇಪ್ಪತ್ತೆಂಟು ಜನಕ್ಕೆ ಅದು ಇವತ್ತಿಗೂ ಗೊತ್ತಿಲ್ಲ.

ಅವತ್ತು ಮೆಟ್ಟಿಲಿಳಿದು ಸೂಟ್‌ಕೇಸ್ ಅಂಗಡಿಯ ಮುಂದೆ ನಿಂತು ನಾನು ಸಿಟ್ಟಿನಿಂದ ಕೇಳಿದೆ. "ಹೆಸರು ಕೇಳ್ಬೇಕಿತ್ತು ಆಪಾ! ಪುಸ್ತಕ ನಿಮ್ದು ಅಂತ ಅವರ ಕೈಯಲ್ಲೇ ಬರೆಸಬೇಕಿತ್ತು. ಇವತ್ತು ಅವ್ರು ಏನು ಬೇಕಾದ್ರೂ ಬರೀತಿದ್ರು."

"ನನ್ನ ಹೆಸರು ನಾನೇ ಕೇಳಿ ಬರೆಸಿದ್ರೆ ಅದು ಭಿಕ್ಷೆ ಮಾ. ಅವನಿಗೆ ಮತ್ತೆ ಹಸಿವಾಗುತ್ತೆ. ಆವಾಗ ನೀನು ಕೇಳು."

ಟಿನ್ ಫ್ಯಾಕ್ಟರಿ ಹತ್ತಿರ ಜೆರಾಕ್ಸ್ ಅಂಗಡಿಯೊಂದರ ಒಳಗೆ ಅರ್ಧ ಜಾಗ ಹಿಡಿದು ನಾನು ನನ್ನದೇ ಕೆಲಸ ಶುರು ಮಾಡಿದೆ. ಅವ್ವ ಬಂದು ಬೋರ್ಡು ನೋಡಿ, "ಯವ್ವಾ, ನಿನ್ನ ಹೆಸರಿನ ಮುಂದ ಬಿ.ಕಾಂ. ಅಂತ ಬರದಾರೇನು?" ಎಂದು ಬೆರಳಿಟ್ಟು ಕೇಳಿದಳು. ಅದನ್ನು ಬರೆಸಿದ್ದು ಆಪಾ. ಬೋರ್ಡಿನ ಮೇಲೆ ತಮ್ಮ ಹೆಸರೂ ಇರಲಿ ಎಂದರೆ ಮಾತ್ರ ಒಪ್ಪಲಿಲ್ಲ.

ಮೊದಲ ಭಾನುವಾರ ಫ್ರೇಜರ್ ಟೌನಿನ ಅವರ ಮನೆಗೆ ಹೋದಾಗ, ಬಾಗಿಲು ತೆಗೆದವರೇ ಕಾಲಲ್ಲಿ ಕೆಂಪು ಸ್ಟೂಲು ತಳ್ಳಿದರು.

"ಕೂತ್ಕೋ."

ನಾನು ನಕ್ಕೆ. ಅವರು ನಗಲಿಲ್ಲ.

"ಬಲಗಡೆ ಪುಟ ಟೈಪ್ ಮಾಡಿದ್ದು ಯಾರು?"

"ಕೇಳಿದ್ದನ್ನೇ ಕೊಡು ಅಂದದ್ದು ನೀವೇ ಅಲ್ವಾ ಆಪಾ?"

"ಅಂದೆ. ನಿನಗೆ ಕೊಡ್ದೇ ಇರ್ಬೇಕು ಅಂತ ಒಂದ್ಸಲನಾದ್ರೂ ಅನ್ನಿಸ್ತಾ? ಹತ್ತು ದಿನ ಇತ್ತು ನಿನ್ನ ಕೈಲಿ. ನಿನ್ನ ಸರದಿ ಬಾಕಿ ಇದೆ ಬೀಕಾಂ. ಬರಿ."

ಸ್ಟೂಲನ್ನು ಹತ್ತಿರ ಎಳೆದುಕೊಂಡೆ. ಕೂತೆ. ಪ್ರತಿ ಭಾನುವಾರ, ಆರು ತಿಂಗಳು, ಎಡಗಡೆ ಪುಟಗಳನ್ನೆಲ್ಲ ನನ್ನಿಂದ ಬರೆಸಿದರು, ಮೊದಲು ಕನ್ನಡದಲ್ಲಿ, ಆಮೇಲೆ ಉರ್ದು ಅಕ್ಷರ ಕಲಿಸಿ ಉರ್ದುವಿನಲ್ಲಿ. ಬೆನ್ನು ಹಿಡಿದುಕೊಳ್ಳುತ್ತಿತ್ತು. ಅದು ನನಗೆ ಆದ ಶಿಕ್ಷೆ, ಮತ್ತು ನನಗೆ ಸಿಕ್ಕ ಎರಡನೆಯ ಡಿಗ್ರಿ.

ಹೋದ ವರ್ಷ ನನ್ನ ಗುಂಪಿನೊಂದಿಗೆ ನಾನೇ ಬೂಸಾನಿಗೆ ಹೋದೆ. ನೀವೂ ಬನ್ನಿ ಎಂದು ಎಷ್ಟು ಕರೆದರೂ ಆಪಾ ಬರಲಿಲ್ಲ, ಆಗಲೇ ಉಸಿರಿನ ತೊಂದರೆ ಶುರುವಾಗಿತ್ತು. ಗೆಸ್ಟ್‌ಹೌಸಿನ ಅಜ್ಜಿ ನನ್ನ ಎರಡೂ ಕೈ ಹಿಡಿದು "ಮೆಹರ್?" ಎಂದಳು. ನಾನು ಅಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ಗೋಡೆಯ ಕಡೆ ಕೈ ತೋರಿಸಿದಳು. ದೂರವಾಣಿಯ ಮೇಲ್ಗಡೆ, ಹಳದಿಯಾದ ಕಾಗದದ ಮೇಲೆ, ಕೊರಿಯನ್ ಅಕ್ಷರದಲ್ಲಿ ಒಂದು ಹೆಸರು, ಅದರ ಕೆಳಗೆ ಬೆಂಗಳೂರಿನ ನಂಬರು. ಮೆಟ್ಟಿಲು ಬೀದಿಯ ತುದಿಯಿಂದ ಆಪಾಗೆ ಫೋನ್ ಮಾಡಿದೆ.

"ಬಂದರಿನ ಕಡೆ ತಿರುಗಿ ನಿಂತಿದೀಯಾ? ಎಡಕ್ಕೆ ನೀಲಿ ನೀರಿನ ಟ್ಯಾಂಕಿ ಇದೆಯಾ?"

"ಇದೆ ಆಪಾ."

"ಇನ್ನೂ ಇದೆ!" ಎಂದರು. ಸೀಮೆಸುಣ್ಣದ ಊರು ನಿಜವಾಗಿ ಇತ್ತು.

ನಾನು ಕೊನೆಯ ಸಲ ಅವರನ್ನು ನೋಡಿದ್ದು ವಾಪಸ್ಸು ಬಂದ ಎರಡನೆಯ ದಿನ. ಮಂಚದ ಮೇಲೆ ದಿಂಬಿಗೆ ಒರಗಿ ಕೂತು, ಇಮೋ ಯಾವ ಕೈಯಲ್ಲಿ ಬಡಿಸಿದಳು ಎಂದು ಕೇಳಿದರು. ಎಡಗೈ ಎಂದೆ. "ಬಲಗೈ ನೋವಿರಬೇಕು. ಬರ್ಕೋ," ಎಂದರು. ಹೊರಡುವಾಗ ರೆಕಾರ್ಡ್ ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿಸಿ, ಸ್ಟೂಲಿನ ಕಡೆ ಕಣ್ಣಲ್ಲೇ ತೋರಿಸಿದರು. ಅದನ್ನು ಬಗಲಲ್ಲಿಟ್ಟುಕೊಂಡು ನಾನು ಬಸ್ ಹತ್ತಿದೆ. ಅದೇ ವಾರ ಅವರು ಹೋಗಿಬಿಟ್ಟರು.

ನಲವತ್ತು ದಿನ ಕಳೆದಿರಲಿಲ್ಲ, ಸುದರ್ಶನ್ ಸಾರ್ ನನ್ನ ಜೆರಾಕ್ಸ್ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಮೆಹರ್ ನಮ್ಮ ಆಫೀಸಿನ ಹೆಮ್ಮೆ ಆಗಿದ್ರು," ಎಂದು ಶುರು ಮಾಡಿದರು. "ನಾಳಿದ್ದು ಐವತ್ತು ಜನರ ಗುಂಪು ಹೊರಡ್ತಿದೆಯಮ್ಮಾ. ಅಲ್ಲಿ ಯಾರೂ ನಮ್ಮ ಫೋನೇ ತಗೊಳ್ತಿಲ್ಲ. ಆ ಎಡಗಡೆ ಪುಟಗಳು... ಯಾರ ಹತ್ರ ಇವೆ?"

"ನನ್ನ ಹತ್ರ ಇವೆ ಸಾರ್."

ನಾನು ಕಾಲಲ್ಲಿ ಕೆಂಪು ಸ್ಟೂಲನ್ನು ಮುಂದಕ್ಕೆ ತಳ್ಳಿದೆ. ಅದನ್ನು ನೋಡಿ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಆದರೂ ಕೂತರು. ಬಿಳಿ ಹಾಳೆ ಇಟ್ಟೆ, ಪೆನ್ನು ಇಟ್ಟೆ.

"ಬರೀರಿ. ಬೂಸಾನಿನಲ್ಲಿ ಉಳಿಯುವ, ಉಣ್ಣುವ, ನೋಡುವ ಜಾಗಗಳು. ಬರೆದವರು, ಮೆಹರುನ್ನೀಸಾ."

ಪೆನ್ನು ನಿಂತಿತು. ಹಿಂದೆ ಜೆರಾಕ್ಸ್ ಯಂತ್ರ ಒಂದೇ ಸಮನೆ ಓಡುತ್ತಿತ್ತು. ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಇಣುಕಿ ನೋಡಿದರು. ನಾನು ಕಾದೆ. ಕಾಯುವುದನ್ನು ನನಗೆ ಕಲಿಸಿದವರು ಒಳ್ಳೆಯ ಮೇಷ್ಟ್ರು.

ಸಾರ್ ಬರೆದರು.

"ಓದಿ."

ಓದಿದರು. ದನಿ ಬಿದ್ದುಹೋಗಿತ್ತು. ಇನ್ನೊಮ್ಮೆ ಜೋರಾಗಿ ಓದಿಸಿದೆ. ಕೆಳಗೆ ಸಹಿ ಹಾಕಿಸಿದೆ. ಆ ಹಾಳೆಯನ್ನು ಎಳೆದುಕೊಂಡು, ಅಲ್ಲೇ ನೂರು ಪ್ರತಿ ತೆಗೆಯಲು ಜೆರಾಕ್ಸಿನವರಿಗೆ ಕೊಟ್ಟೆ.

ಸಾರ್ ಹೊಸ ಹಾಳೆ ತೆಗೆದುಕೊಂಡು, ಪೆನ್ನು ಹಿಡಿದು ನನ್ನ ಮುಖ ನೋಡಿದರು. "ಮುಂದೆ?"

ನಾನು ರೆಕಾರ್ಡ್ ಪುಸ್ತಕವನ್ನು ಮುಚ್ಚಿದೆ.

"ಅದಕ್ಕೆ ಒಂದಿನ ಮುಂಚೆ ಹೇಳ್ಬೇಕು ಸಾರ್. ನಾಳೆ ಬನ್ನಿ."